ಕ್ರ್ಯಾಂಕಿಲ್ಲದ ಎಂಜಿನ್

ಬನಹಟ್ಟಿಯಲ್ಲಿ ನಮ್ಮ ಮನೆಯ ಮಗ್ಗಗಳು ನಿಂತ ಮೇಲೆ ನನ್ನ ಗಂಡ ಜಮಖಂಡಿ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿ, ಕಬ್ಬಿನ ಟ್ರ್ಯಾಲಿ ಎತ್ತುವ ಜಾಕುಗಳನ್ನು ರಿಪೇರಿ ಮಾಡತೊಡಗಿದರು. ಕೆಲಸ ಚೆನ್ನಾಗಿಯೇ ನಡೆದಿತ್ತು. ಅಷ್ಟಕ್ಕೇ ಸುಮ್ಮನಿರುವ ಜೀವವೇ ಅದು? ಎರಡು ಹಳೆಯ ಮೊಪೆಡ್ ಸಿಲಿಂಡರುಗಳನ್ನು ಎದುರುಬದುರು ಕೂಡಿಸಿ, ಜಾಕಿಗೆ ಎಣ್ಣೆ ನೂಕುವ ಹೊಸ ಎಂಜಿನ್ ಕಟ್ಟಲು ಕೂತರು.

"ಇದೇನ್ ಹುಚ್ಚರಿ ನಿಮಗ?" ಎಂದೆ.

"ಹುಚ್ಚಲ್ಲಲೇ, ಕೇಳಿಲ್ಲಿ. ಎಲ್ಲಾ ಎಂಜಿನ್ನಾಗ ಪಿಸ್ಟನ್ ಓಡಿ ಕ್ರ್ಯಾಂಕ್ ತಿರಗಸ್ತೈತಿ, ಕ್ರ್ಯಾಂಕ್ ಪಂಪ್ ತಿರಗಸ್ತೈತಿ, ಪಂಪ್ ಎಣ್ಣಿ ನೂಕತೈತಿ. ಇಷ್ಟ್ ಸುತ್ತ ಹಾಕೂದ್ಯಾಕ? ಪಿಸ್ಟನ್ನ ಸೀದಾ ಎಣ್ಣಿ ನೂಕಲಿ."

ಒಂದೇ ದಂಡದ ಎರಡು ತುದಿಗೆ ಎರಡು ಪಿಸ್ಟನ್. ಈ ಕಡೆ ಪೆಟ್ರೋಲ್ ಉರಿದರೆ ದಂಡ ಆ ಕಡೆ ಹಾರುತ್ತದೆ, ಅಲ್ಲಿ ಉರಿದರೆ ಈ ಕಡೆ, ಮಗ್ಗದ ಲಾಳಿಯ ಹಾಗೆ. ಹಾಗೆ ಓಡುವಾಗ ನಡುವಿನ ದಪ್ಪ ಭಾಗ ಟಾಕಿಯ ಎಣ್ಣೆಯನ್ನು ಎಳೆದು, ಗ್ಯಾಸಿರುವ ಗಟ್ಟಿ ಉಕ್ಕಿನ ಬಾಟ್ಲಿಗೆ ತುರುಕುತ್ತದೆ. ಅಲ್ಲಿ ಕೂಡಿದ ಒತ್ತಡವೇ ಜಾಕನ್ನು ಎತ್ತುವುದು. ಹಿಡಿದು ನಡೆಸುವ ಕ್ರ್ಯಾಂಕ್ ಇಲ್ಲವಲ್ಲ, ಒಮ್ಮೆ ಉರಿ ತಪ್ಪಿದರೆ ನಿಂತೇಬಿಡುತ್ತಿತ್ತು. ಜೋರಾದರೆ ಪಿಸ್ಟನ್ ಹೋಗಿ ಸಿಲಿಂಡರಿನ ಹೆಡ್ಡಿಗೆ ಬಡಿಯುತ್ತಿತ್ತು. ಹಾಳಾದ್ದು ತಿಂಗಳುಗಟ್ಟಲೆ ನಮ್ಮ ಜೀವ ತಿಂದಿತು.

ಒಂದು ಬೆಳಗ್ಗೆ ಓಡಿತು. ಖಾಲಿ ಟ್ರ್ಯಾಲಿ ಮೇಲೆದ್ದಿತು. ಅವರ ಮುಖ ನೋಡಬೇಕಿತ್ತು! ಆದರೆ ಸ್ವಲ್ಪ ಹೊತ್ತಿಗೆ ಟ್ರ್ಯಾಲಿ ಮೆಲ್ಲಗೆ ಇಳಿಯತೊಡಗಿತು. ಎಲ್ಲೋ ಎಣ್ಣೆ ಸೋರುತ್ತಿದೆ, ಎಲ್ಲೆಂದು ಕಾಣುತ್ತಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವರು. ಮಗ್ಗದ ಹಾಸಿನಲ್ಲಿ ಹರಿದ ಎಳೆಯನ್ನು ನಮ್ಮವರು ಅಂಗೈ ಆಡಿಸಿಯೇ ಹುಡುಕುತ್ತಾರೆ. ಎಣ್ಣೆಯ ಪೈಪಿನ ಮೇಲೂ ಹಾಗೇ ಬಲಗೈ ಆಡಿಸಿದರು. ಥಟ್ಟನೆ ಹಿಂದಕ್ಕೆಳೆದುಕೊಂಡರು.

"ಏನಾತ್ರಿ?"

"ಏನಿಲ್ಲ ಬಿಡ, ಸೂಜಿ ಚುಚ್ಚಿದಂಗಾತು."

ತೋರುಬೆರಳಿನ ಬುಡದಲ್ಲಿ ಒಂದು ಚುಕ್ಕೆ, ಅಷ್ಟೇ. ರಕ್ತವೂ ಇಲ್ಲ. ಅರಿಶಿನ ಒತ್ತಿಕೊಂಡು ಮತ್ತೆ ನಟ್ಟು ಬಿಗಿಯುವ ಪಾನಾ ಹಿಡಿದರು. ಕಣ್ಣಿಗೆ ಕಾಣದ ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮ ತೂರಿ ಕೈಯೊಳಗೆಲ್ಲ ಹರಿದಿದೆ ಎಂದು ಯಾರಿಗೆ ಗೊತ್ತು? ಮರುದಿನ ಏಳುವಷ್ಟರಲ್ಲಿ ಮೊಣಕೈವರೆಗೆ ಬಾತಿತ್ತು, ಬೆರಳುಗಳು ಕಪ್ಪಾಗಿದ್ದವು.

"ನಿನ್ನೇನ ಬಂದಿದ್ರ ಕೊಯ್ದು ತೊಳೀತಿದ್ವಿ, ಕೈ ಉಳೀತಿತ್ತರಿ," ಎಂದರು ಡಾಕ್ಟರು. ಮಣಿಕಟ್ಟಿಗಿಂತ ಮೇಲೆ ಕೈ ಕತ್ತರಿಸಿದರು. ನಾನು ಆ ಎಂಜಿನ್ನಿಗೆ ಬಾಯಿಗೆ ಬಂದಂತೆ ಬೈದೆ, ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ.

ಎಡಗೈಯಲ್ಲಿ ಉಣ್ಣುವುದು ನಮ್ಮಲ್ಲಿಲ್ಲ. ಚಮಚ ಕೊಟ್ಟರೆ ಒಲ್ಲೆ ಎಂದರು. ಈಗ ರೊಟ್ಟಿ ಮುರಿದು, ಪಲ್ಯ ಹಚ್ಚಿ ನಾನೇ ಅವರ ಬಾಯಿಗಿಡುತ್ತೇನೆ.

"ಮೊದಲ ಬಾಗಲಾ ಹಾಕಿ ಬಾ," ಎನ್ನುತ್ತಾರೆ. ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಬಾಯಿ ತೆರೆಯುತ್ತಾರೆ. ನನ್ನ ಮುಖ ನೋಡುವುದಿಲ್ಲ.