ಹಿಚ್ ಮೇಲೊಂದು ಕೊಸರು

ರಿಸೆಷನ್ ಕಾಲದಲ್ಲಿ ನಮ್ಮ ವುಡ್‌ರಿಡ್ಜ್‌ನಲ್ಲಿ ಎಲ್ಲರೂ ಇದ್ದಬದ್ದದ್ದನ್ನು ಮಾರುತ್ತಿದ್ದರೆ ನಾನೊಂದು ಟ್ರಾವೆಲ್ ಟ್ರೈಲರ್ ಕೊಂಡೆ. ಮಂಚ, ಒಲೆ ಎಲ್ಲ ಇದ್ದ, ಚಕ್ರದ ಮೇಲಿನ ಮನೆ. ಮಾರಿದವನೇ ಎಳೆದು ತಂದು ಡ್ರೈವ್‌ವೇಯಲ್ಲಿ ನಿಲ್ಲಿಸಿ ಹೋದ. ಅದನ್ನು ನನ್ನ ವ್ಯಾನಿನ ಹಿಂದೆ ಕಟ್ಟಲು ಬೇಕಾದ ಕಬ್ಬಿಣದ ಕೊಂಡಿ, ಅಂದರೆ ಹಿಚ್, ಇರಲಿಲ್ಲ, ಹಾಗಾಗಿ ಅಲ್ಲೇ ಬೇರು ಬಿಟ್ಟಿತು. ಆದರೂ ಪಕ್ಕದೂರು ಅರೋರಾದ ದೇವಸ್ಥಾನದ ಊಟದ ಸಾಲಿನಲ್ಲಿ ನಾನು ಅದನ್ನು ಎಷ್ಟೋ ಬೆಟ್ಟ ಹತ್ತಿಸಿ ಇಳಿಸಿದ್ದೆ. ಎಲ್ಲರೂ ನಂಬಿದ್ದರು. ನನ್ನ ಸುಳ್ಳಿಗೆ ಅಂಥ ಕಳೆ.

ನಂಬದವಳು ಹೆಂಡತಿ ಒಬ್ಬಳೇ. ಡ್ರೈವ್‌ವೇಯಿಂದ ಟ್ರೈಲರ್ ತೆಗೆಯಿರಿ ಎಂದು ನಮ್ಮ ಬಡಾವಣೆಯ ಸಂಘದವರು ಹೇಳಿದ ದಿನವೇ ತೀರ್ಪು ಕೊಟ್ಟಳು: ಶನಿವಾರ ಅದು ಲೇಕಿಗೆ ಹೊರಡಬೇಕು, ಇಲ್ಲವಾದರೆ ಮಾರಿಬಿಡಬೇಕು.

ಹೊಸ ಹಿಚ್ ಕೊಳ್ಳುವುದು ನನ್ನಂಥ ಜಾಣನಿಗೆ ಅವಮಾನ. ನಾಲ್ಕೈದು ತಾಸು ದೂರದ ಡೆಟ್ರಾಯಿಟ್ ಕಡೆ, ಕಾರ್ ಫ್ಯಾಕ್ಟರಿಯ ಕೆಲಸ ಹೋದವನೊಬ್ಬ ತನ್ನದನ್ನು ಅಗ್ಗಕ್ಕೆ ಮಾರುತ್ತಿದ್ದ. ದಾರಿಯುದ್ದಕ್ಕೂ ಹೆಂಡತಿಗೆ ಪಾಠ ಹೇಳಿದೆ: ನಾನು ಚೌಕಾಸಿ ಮಾಡುವಾಗ ನೀನು ಇದೆಲ್ಲ ಬೇಡ ಅನ್ನುವವಳ ಹಾಗೆ ಮುಖ ಗಂಟು ಹಾಕಿಕೊಂಡು ನಿಲ್ಲಬೇಕು.

"ಅದಕ್ಕೇನ್ ನಾಟಕ ಆಡೋದ್ ಬೇಡ ಬಿಡಿ," ಎಂದಳು.

ಅವನ ಗರಾಜಿನಲ್ಲಿ ನಾನು ಕಬ್ಬಿಣ ತಟ್ಟಿದೆ, ತಲೆ ಅಲ್ಲಾಡಿಸಿದೆ, ಬೇಡವೆಂದು ವ್ಯಾನಿನವರೆಗೆ ಹೋಗಿ ತಿರುಗಿ ಬಂದೆ. ಕೊನೆಗೆ ಆ ಮನುಷ್ಯ ಸೋತು ಕೈ ಕುಲುಕಿದ. ಹಿಚ್, ಅದರ ಮೇಲೆ ಕೂರುವ ಉಕ್ಕಿನ ಗುಂಡು, ಸರಪಳಿ ಎಲ್ಲ ನನ್ನದಾಯಿತು. ಅಷ್ಟರಲ್ಲಿ ಹೆಂಡತಿಯ ಕಣ್ಣು ಶೆಲ್ಫಿನ ಮೇಲಿದ್ದ ಇನ್ನೊಂದು ಚಿಕ್ಕ ಗುಂಡಿನ ಮೇಲೆ ಬಿತ್ತು.

"ರೀ, ಅದನ್ನ ಕೊಸರಿಗೆ ಕೊಡ್ತಾನಾ ಕೇಳಿ. ನಮ್ಮ ಅಡುಗೆಮನೆ ಬಾಗಿಲು ಬಡ್ಕೊಳ್ಳುತ್ತಲ್ಲ, ಅಡ್ಡ ಇಡೋಣ."

"ಇದೇನು ಮಲ್ಲೇಶ್ವರದ ಸೊಪ್ಪಿನಂಗಡೀನಾ? ಸುಮ್ನಿರು, ಮಾನ ಕಳೀಬೇಡ."

ಅವಳೇ ಕೇಳಿದಳು. ಅವನು ನಕ್ಕು ಗುಂಡಿನ ಧೂಳು ಒರೆಸಿ ಕೊಟ್ಟ. ತನ್ನ ತಾಯಿಯೂ ಹೀಗೆಯೇ, ಏನನ್ನಾದರೂ ಮೇಲೆ ಹಾಕಿಸಿಕೊಳ್ಳದೆ ಅಂಗಡಿ ಬಿಡುತ್ತಿರಲಿಲ್ಲ ಎಂದ.

ಶನಿವಾರ ಬೆಳಗ್ಗೆ ನನ್ನ ಪ್ರತಾಪ ನೋಡಲೆಂದು ಅಕ್ಕಪಕ್ಕದವರನ್ನೆಲ್ಲ ಕಾಫಿಗೆ ಕರೆದಿದ್ದೆ. ಹಿಚ್ ಹಾಕಿ, ಟ್ರೈಲರಿನ ಮೂತಿಯ ಬಟ್ಟಲನ್ನು ಗುಂಡಿನ ಮೇಲೆ ಇಳಿಸಿದೆ. ದೊಡ್ಡವರ ತಲೆಗೆ ಮಗುವಿನ ಕುಲಾವಿ ಇಟ್ಟ ಹಾಗೆ ಅದು ಮೇಲೆಯೇ ಕೂತಿತು. ಡೆಟ್ರಾಯಿಟ್‌ವರೆಗೆ ಹೋಗಿಬಂದ ನಾನು ಮೂತಿಯ ಅಳತೆಯನ್ನೇ ತೆಗೆದುಕೊಂಡಿರಲಿಲ್ಲ. ಬಿಸಿಲಿಗೆ ಉಕ್ಕು ಹಿಗ್ಗಿದೆ ಎಂದು ಸಾರಿದೆ. ಬಿಸಿಲು ಇನ್ನೂ ಬಿದ್ದಿರಲಿಲ್ಲ.

ಹೆಂಡತಿ ಒಳಗೆ ಹೋದಳು. ಮಾರಾಟದ ಬೋರ್ಡ್ ತರುತ್ತಾಳೆಂದುಕೊಂಡೆ. ಬಾಗಿಲಿಗಿಟ್ಟಿದ್ದ ಗುಂಡು ಹಿಡಿದು ಬಂದಳು.

"ಇದನ್ನ ಹಾಕಿ ನೋಡಿ."

ಟಕ್ಕೆಂದು ಕೂತಿತು. ಎಲ್ಲ ನನ್ನ ಲೆಕ್ಕಾಚಾರದಂತೆಯೇ ಆಗಿದೆ ಎಂದು ಜನಕ್ಕೆ ಹೇಳಿ, ಮಧ್ಯಾಹ್ನದ ಹೊತ್ತಿಗೆ ಲೇಕಿನ ದಡದಲ್ಲಿ ಚಿತ್ರಾನ್ನ ತಿನ್ನುತ್ತಿದ್ದೆ. ಟ್ರೈಲರ್ ಉಳಿಯಿತು.

ನಾನು ಕೊಂಡ ದೊಡ್ಡ ಗುಂಡು ಈಗ ಅಡುಗೆಮನೆ ಬಾಗಿಲಿಗಿದೆ. ಶ್ರೀರಂಗಪಟ್ಟಣದ ಕೋಟೆಯ ಫಿರಂಗಿ ಗುಂಡು, ನಮ್ಮ ವಂಶದಲ್ಲಿ ಕೈಯಿಂದ ಕೈಗೆ ಬಂದದ್ದು ಎಂದು ಬಂದವರಿಗೆಲ್ಲ ಹೇಳುತ್ತೇನೆ. ಅವರು ಬಗ್ಗಿ ಭಕ್ತಿಯಿಂದ ಮುಟ್ಟುವಷ್ಟರಲ್ಲಿ ಒಳಗಿನಿಂದ ಒಂದು ದನಿ ಬರುತ್ತದೆ:

"ಅದು ಕೊಸರು ಕೇಳೋಕೆ ನಾಚ್ಕೊಂಡೋರ ಗುಂಡು. ಕೈ ತೊಳ್ಕೊಂಡು ಊಟಕ್ ಬನ್ನಿ."