ಗೋದಲಿಗೆ ಬರುತ್ತಿದ್ದ ಸೂಲಗಿತ್ತಿ

ಚರ್ಚಿನ ತಗಡಿನ ಟ್ರಂಕನ್ನು ಈ ಸಲ ತಳದವರೆಗೆ ಖಾಲಿ ಮಾಡಿದಾಗ ಕುರಿಯ ವಾಸನೆ ಬಂತು. ಕ್ರಿಸ್‌ಮಸ್ಸಿಗೆ ಇನ್ನೂ ಎರಡು ವಾರ ಇತ್ತು. ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುವ ಸಾಮಾನು ತೆಗೆಯೋಣ ಎಂದು ನಾವು ನಾಲ್ಕೈದು ಹೆಂಗಸರು ಸೇರಿದ್ದೆವು. ಮಣ್ಣಿನ ದನ, ಕುರಿ, ಕಾಲು ಮುರಿದ ಒಂಟೆ, ಬಣ್ಣ ಹೋದ ಕಾಗದ, ಎಲ್ಲದರ ಕೆಳಗೆ ಮಡಿಸಿಟ್ಟ ಒಂದು ಕರಿ ಕಂಬಳಿಯ ತುಂಡು. ನುಸಿ ಗುಳಿಗೆ ಹಾಕಿದ್ದರೂ ಉಣ್ಣೆಯ ವಾಸನೆ ಹೋಗಿರಲಿಲ್ಲ. ಸಣ್ಣಗೆ ಅರಿಶಿಣದ ವಾಸನೆಯೂ ಇತ್ತು. ಅದು ನನ್ನ ಮೂಗಿನ ಭ್ರಮೆ ಇರಬಹುದು… ಇಷ್ಟು ವರ್ಷ ಅರಿಶಿಣ ಎಲ್ಲಿ ಉಳಿಯುತ್ತದೆ.

"ಇದನ್ನ ಹೊರಗ ಒಗೀರಿ ಅಮ್ಮಾ, ಹುಳ ಹಿಡದೈತಿ," ಎಂದಳು ಒಬ್ಬ ಸಣ್ಣ ವಯಸ್ಸಿನವಳು. ನಾನು ಕೊಡಲಿಲ್ಲ. ಮಡಿಲಿಗೆ ಹಾಕಿಕೊಂಡು ಮನೆಗೆ ತಂದೆ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮುಂದೆ ಕೂತರೆ ಅಂಗಳಕ್ಕೆ ಬರಬೇಕು ಅನಿಸುತ್ತದೆ, ಅಂಗಳಕ್ಕೆ ಬಂದರೆ ಪಕ್ಕದ ಮನೆಯ ಗೋಡೆ ಕಾಣುತ್ತದೆ. ನನಗೆ ಅಕ್ಷರ ಕಲಿಸಿದವರು ಸಿಸ್ಟರುಗಳು, ಮಹಿಳಾ ಸಂಘದ ಪುಸ್ತಕಕ್ಕೆ ಸಹಿ ಹಾಕಲಿ ಎಂದು. ಅಷ್ಟರಲ್ಲೇ ಬರೆಯುತ್ತೇನೆ.

ಆ ಕಂಬಳಿ ನಮ್ಮ ಪಕ್ಕದ ಮನೆಯ ಸೂಲಗಿತ್ತಿಯದು. ಕುರಿ ಕಾಯುವವರ ಮನೆಯವಳು, ಕ್ರೈಸ್ತಳಲ್ಲ. ಹಣೆ ತುಂಬ ಮೈಲಾರಲಿಂಗನ ಅರಿಶಿಣ ಭಂಡಾರ. ವರ್ಷಕ್ಕೊಮ್ಮೆ ಮೈಲಾರಕ್ಕೆ ನಡೆದೇ ಹೋಗಿ ಬರುತ್ತಿದ್ದಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ನಾನು ಅತ್ತೀ ಎಂದು ಕರೆಯುತ್ತಿದ್ದೆ. ಎರಡು ಮನೆಗೂ ಒಂದೇ ಗೋಡೆ. ಕೊಟ್ಟೂರಿನಲ್ಲಿ ಆಸ್ಪತ್ರೆ ಇತ್ತು, ಆದರೆ ಬಸ್ಸು ಬರುವುದರೊಳಗೆ ಕೂಸು ಬಂದಿರುತ್ತಿತ್ತು. ನಮ್ಮ ಜನರ ಕೂಸು, ಸಾಬರ ಕೂಸು, ಲಿಂಗವಂತರ ಕೂಸು, ಎಲ್ಲ ಬಿದ್ದದ್ದು ಅವಳ ಕೈಗೇ. ನನ್ನ ಮೂರೂ ಮಕ್ಕಳನ್ನು ಹಿಡಿದವಳು ಅವಳೇ.

ನಮ್ಮದು ಸಣ್ಣ ಚರ್ಚು. ಫಾದರ್ ಇರುತ್ತಿದ್ದುದು ಪೇಟೆಯಲ್ಲಿ. ಕ್ರಿಸ್‌ಮಸ್ಸಿನ ರಾತ್ರಿ ಪೂಜೆ ಪೇಟೆಯವರಿಗೆ, ನಮಗೆ ಮಾರನೆಯ ಬೆಳಿಗ್ಗೆ. ಮೊದಲ ಸಲ ಗೋದಲಿ ಕಟ್ಟಿದ ವರ್ಷ, ಆಗಿದ್ದ ವಯಸ್ಸಾದ ಫಾದರ್ ಬಾಲಯೇಸುವಿನ ಗೊಂಬೆ ಹಿಡಿದುಕೊಂಡು, ಇದನ್ನು ಯಾರು ಮಲಗಿಸುತ್ತೀರಿ ಎಂದು ಕೇಳಿದರು. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಈಕೆ, "ಕೂಸು ಅಂದಮ್ಯಾಲ ಅದು ನನ್ನ ಕೆಲಸ ಅಲ್ಲೇನ್ರಿ?" ಎಂದಳು. ಫಾದರ್ ನಕ್ಕರು, ಕೊಟ್ಟರು. ಅಲ್ಲಿಂದ ಅದೇ ನಮ್ಮ ಚರ್ಚಿನ ರೂಢಿಯಾಯಿತು. ಬೇರೆಲ್ಲೂ ನಾನು ಅಂಥದ್ದು ಕಂಡಿಲ್ಲ.

ಅವಳು ಅದನ್ನು ಆಟ ಎಂದುಕೊಳ್ಳುತ್ತಿರಲಿಲ್ಲ. ಚರ್ಚಿನ ಹಿಂದೆ ಕಾಯಿಸಿಟ್ಟ ಬಿಸಿನೀರಿನಲ್ಲಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದಳು. ಗೊಂಬೆಯ ಕುತ್ತಿಗೆಯ ಕೆಳಗೆ ಅಂಗೈ ಕೊಟ್ಟು ಎತ್ತುತ್ತಿದ್ದಳು. ಆಮೇಲೆ ತಲೆ ಕೆಳಗೆ ಮಾಡಿ ಹಿಡಿದು ಅಂಡಿಗೆ ಒಂದು ಪೆಟ್ಟು, ಹುಟ್ಟಿದ ಕೂಸಿಗೆ ಕೊಡುವ ಹಾಗೆಯೇ. ಜನ ಅದಕ್ಕೇ ಕಾಯುತ್ತಿದ್ದರು.

"ಅಳ್ತೇನಬೇ?" ಎಂದು ಯಾರಾದರೂ ಹಿಂದಿನಿಂದ ಕೂಗುತ್ತಿದ್ದರು.

"ಇಲ್ಲ. ದೊಡ್ಡ ಮನಿ ಕೂಸು, ಬಿಗುಮಾನ ಐತಿ."

ಇಡೀ ಚರ್ಚು ನಗುತ್ತಿತ್ತು. ಅವಳು ನಗುತ್ತಿರಲಿಲ್ಲ. ಗೊಂಬೆಯ ಹಣೆಗೆ ಬೆರಳಿನಿಂದ ಅರಿಶಿಣ ಮುಟ್ಟಿಸಿ, ತಾನು ತಂದ ಕಂಬಳಿ ತುಂಡಿನಲ್ಲಿ ಸುತ್ತಿ, ಜೋಳದ ಸೊಪ್ಪೆಯ ಮೇಲೆ ಮಲಗಿಸುತ್ತಿದ್ದಳು. ಹೆರಿಗೆಯಾದ ಮನೆಯವರು ಕೊಡುವ ಹಾಗೆ ನಾವೂ ಮೊರ ಕೊಡುತ್ತಿದ್ದೆವು. ಮೊರದಲ್ಲಿ ಜೋಳ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಬಸದ ಖಣ. ಅದನ್ನು ಸೊಂಟಕ್ಕೆ ಇಟ್ಟುಕೊಂಡು ಊಟದ ಸಾಲಿನಲ್ಲಿ ಕೂರುತ್ತಿದ್ದಳು. ಕಂಬಳಿಯನ್ನು ಜನವರಿಯಲ್ಲಿ ಬರುವ ಮೂರು ರಾಯರ ಹಬ್ಬದ ದಿನ, ಗೋದಲಿ ಬಿಚ್ಚುವಾಗ ಬಂದು ಒಯ್ಯುತ್ತಿದ್ದಳು.

ಇದು ಹದಿನೈದು ವರ್ಷವಾದರೂ ನಡೆದಿರಬೇಕು. ಆಮೇಲೆ ಹೊಸ ಫಾದರ್ ಬಂದರು. ಸಣ್ಣ ವಯಸ್ಸು, ಬೇರೆ ಕಡೆಯವರು. ಅವರನ್ನು ಕೆಟ್ಟವರು ಎನ್ನಲಾರೆ. ಒಂದು ಕ್ರಿಸ್‌ಮಸ್ ಸುಮ್ಮನೆ ನೋಡಿದರು. ಮರುವರ್ಷ ಗೋದಲಿ ಕಟ್ಟುವುದಕ್ಕೆ ಮುಂಚೆ ನನ್ನನ್ನು ಕರೆದರು. ನಾನಾಗ ಮಹಿಳಾ ಸಂಘದ ಅಧ್ಯಕ್ಷೆ. ಪೂಜೆಯ ನಡುವೆ ನಗೆಯಾಟ ಬೇಡ, ದೀಕ್ಷಾಸ್ನಾನ ಆಗದವರು ಮಾಡುವುದು ಬೇಡ, ಈ ಸಲ ನೀವೇ ಮಲಗಿಸಿ ಎಂದರು. "ಆ ಅಮ್ಮನಿಗೆ ನೀವೇ ನಯವಾಗಿ ಹೇಳಿ. ಊಟಕ್ಕೆ ಮಾತ್ರ ತಪ್ಪದೆ ಕರೆಯಿರಿ."

ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ. ಎಲ್ಲರ ಮುಂದೆ ಬಾಲಯೇಸುವನ್ನು ಎತ್ತಿ ಹಿಡಿಯುವ ಆಸೆ ನನಗೂ ಇತ್ತು. ಅದನ್ನು ಫಾದರ್ ತಲೆಗೆ ಕಟ್ಟುವುದಿಲ್ಲ.

ಹೇಳುವುದಕ್ಕೆಂದು ಮೂರು ಸಲ ಅವಳ ಮನೆಗೆ ಹೋದೆ. ಮೊದಲ ಸಲ ಹೆಪ್ಪಿಗೆ ಮಜ್ಜಿಗೆ ಇಸಕೊಂಡು ಬಂದೆ. ಎರಡನೆಯ ಸಲ ಅವಳು ನನ್ನ ಮಗಳ ಸುದ್ದಿ ತೆಗೆದಳು. ಮಗಳು ತುಂಬು ಬಸುರಿ, ಬಾಣಂತನಕ್ಕೆ ಬಂದಿದ್ದಳು. ಹೊಟ್ಟೆ ಇಳಿದಿದೆಯೇ, ಕಾಲು ಬಾತಿದೆಯೇ ಎಂದೆಲ್ಲ ಕೇಳಿದಳು. ಅಂಥವಳ ಮುಂದೆ ಏನು ಹೇಳಲಿ. ಮೂರನೆಯ ಸಲ ಹೋದದ್ದು ಹಬ್ಬದ ಹಿಂದಿನ ದಿನ. ಅಂಗಳದಲ್ಲಿ ಅಂಟುವಾಳದ ನೊರೆ ಮಾಡಿಕೊಂಡು ಆ ಕಂಬಳಿ ತುಂಡು ತೊಳೆಯುತ್ತಿದ್ದಳು.

"ನಾಳಿ ಎಷ್ಟೊತ್ತಿಗಿ ಬರ್ಲೆವಾ?" ಎಂದಳು, ಕೈ ನಿಲ್ಲಿಸದೆ.

ನನ್ನ ಬಾಯಿಗೆ ಬಂದದ್ದು ಇಷ್ಟು. "ಈ ಸಲ ಪೂಜಿ ಮಧ್ಯಾಹ್ನ ಐತಿ ಅತ್ತಿ. ಫಾದರಿಗೆ ಬ್ಯಾರೆ ಊರು ಅದಾವಂತ. ಊಟದ ಹೊತ್ತಿಗಿ ಬಾ."

"ಹ್ಞೂಂ," ಎಂದಳು. ಕಂಬಳಿಯನ್ನು ಹಿಂಡತೊಡಗಿದಳು.

ಮಾರನೆಯ ಬೆಳಿಗ್ಗೆ ಚಳಿ ಹಲ್ಲು ಕಟಕಟ ಎನ್ನುವಷ್ಟಿತ್ತು. ಹೊರಗೆ ಸೊಪ್ಪೆಗೆ ಬೆಂಕಿ ಹಚ್ಚಿ ಗಂಡಸರು ಕೈ ಕಾಯಿಸುತ್ತಿದ್ದರು. ದೊಡ್ಡ ಕಡಾಯಿಯಲ್ಲಿ ಗೋಧಿ ಹುಗ್ಗಿಗೆ ಬೆಲ್ಲ ಬಿದ್ದಿತ್ತು. ನಾನು ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ನಿಂತಿದ್ದೆ. ಆಗ ಚರ್ಚಿನ ಉಪದೇಶಿ ಗಂಟೆ ಹೊಡೆದರು. ನಮ್ಮ ಗಂಟೆ ಎಂದರೆ ಬೇವಿನ ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡು. ಹೊಡೆದರೆ ಹೊಲದಲ್ಲಿದ್ದವರಿಗೂ ಕೇಳುತ್ತದೆ. ಅವಳ ಮನೆ ಚರ್ಚಿನಿಂದ ನಾಲ್ಕನೆಯದು. ಸುಳ್ಳು ಹೇಳುವಾಗ ನನಗೆ ಗಂಟೆಯ ನೆನಪೇ ಆಗಿರಲಿಲ್ಲ.

ಪೂಜೆ ಮುಗಿಯುವ ತನಕ ನಾನು ಬಾಗಿಲನ್ನೇ ನೋಡಿದೆ. ಈಗ ಬಂದಾಳು, ಈಗ ಬಂದಾಳು… ಬರಲಿಲ್ಲ. ಫಾದರ್ ಗೊಂಬೆ ಕೊಟ್ಟರು. ಆ ಚಳಿಯಲ್ಲೂ ನನ್ನ ಅಂಗೈ ಬೆವರಿತ್ತು. ಗೋದಲಿಯ ಮುಂದೆ ಬಗ್ಗಿದೆ, ಗೊಂಬೆ ಜಾರಿತು. ಕೆಳಗೆ ಬೀಳುವ ಮೊದಲು ಹಿಡಿದೆ, ಆದರೆ ಅದರ ಕೈ ಹಲಗೆಗೆ ತಾಗಿ ಕಿರುಬೆರಳು ಮುರಿಯಿತು. ಯಾರೂ ನೋಡಲಿಲ್ಲ. ಬೆರಳಿನ ಚೂರನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಎದ್ದೆ. ಯಾರೂ ನಗಲಿಲ್ಲ. ಆ ವರ್ಷ ಮೊರವನ್ನೂ ತುಂಬಿರಲಿಲ್ಲ, ಯಾರಿಗೆಂದು ತುಂಬುವುದು.

ಜನ ಊಟಕ್ಕೆ ಕೂತಾಗ ಅವಳು ಬಂದಳು. ಮಡಿ ಸೀರೆ, ಹಣೆ ತುಂಬ ಭಂಡಾರ, ಕೈಯಲ್ಲಿ ಮಡಿಸಿದ ಕಂಬಳಿ. ಬಡಿಸುತ್ತಿದ್ದ ನಾನು ಸೌಟು ಹಿಡಿದುಕೊಂಡೇ ಅವಳ ಹಿಂದೆ ಚರ್ಚಿನೊಳಗೆ ಹೋದೆ. ಅವಳು ಗೋದಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಹೆರಿಗಿ ಆಗೇಬಿಟ್ಟೈತಿ," ಎಂದಳು. "ಯಾರು ಹಿಡದ್ರು?"

"ನಾನು."

"ಕುತ್ತಿಗಿ ಕೆಳಗ ಕೈ ಕೊಟ್ಟಿದ್ದೇನು?"

ನನ್ನ ಕೈ ಸೆರಗಿನ ಗಂಟಿಗೆ ಹೋಯಿತು. ಅವಳು ಗೊಂಬೆಯ ಕೈ ನೋಡಿದಳು. ಮುರಿದ ಜಾಗಕ್ಕೆ ಹೆಬ್ಬೆರಳು ಆಡಿಸಿದಳು. ಆಮೇಲೆ ಕಂಬಳಿಯನ್ನು ಅದರ ಕುತ್ತಿಗೆಯವರೆಗೆ ಹೊದಿಸಿದಳು.

"ಮುಂಜಾನಿ ಗಂಟಿ ಕೇಳಿಸ್ತು," ಎಂದಳು. "ನೀ ಮಧ್ಯಾಹ್ನ ಅಂದಿದ್ದಿ. ಅದಕ್ಕ ಮಧ್ಯಾಹ್ನನ ಬಂದೆ."

ಅಷ್ಟೇ. ಹೊರಗೆ ಬಂದು ಸಾಲಿನಲ್ಲಿ ಕೂತು ಚೆನ್ನಾಗಿ ಉಂಡಳು. ಹುಗ್ಗಿ ಎರಡು ಸಲ ಹಾಕಿಸಿಕೊಂಡಳು. ಪಕ್ಕದವಳಿಗೆ ಏನೋ ಚೇಷ್ಟೆ ಮಾಡಿ ನಗಿಸಿದಳು. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಅತ್ತುಬಿಡುತ್ತಿದ್ದೆ, ಮುಗಿಯುತ್ತಿತ್ತು. ಮೂರು ರಾಯರ ಹಬ್ಬಕ್ಕೆ ಕಂಬಳಿ ಒಯ್ಯಲು ಅವಳು ಬರಲಿಲ್ಲ. ನಾನು ಅದನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದೆ. ಗೋಡೆಯಾಚೆಗಿನ ಮನೆಗೆ ಕೊಟ್ಟು ಬರಲು ನನ್ನ ಕಾಲು ಏಳಲಿಲ್ಲ.

ಅದೇ ತಿಂಗಳು ಮಗಳಿಗೆ ನೋವು ಬಂತು. ಹೇಳಿ ಕಳಿಸುವುದೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದಾಗ ಅವಳೇ ಬಂದಳು. ಗೋಡೆಯಾಚೆಯಿಂದ ನರಳುವುದು ಕೇಳಿಸಿತ್ತು. ಕೂಸಿನ ಕೊರಳಿಗೆ ಕರುಳಬಳ್ಳಿ ಸುತ್ತಿತ್ತು. ಅವಳು ಹೇಗೆ ಬಿಡಿಸಿದಳೋ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕೂಸು ಅತ್ತಿತು. ಹೆಣ್ಣು.

ಯಾರ ಮನೆಯಲ್ಲಾದರೂ ಸರಿ, ಅವಳು ಕೂಸನ್ನು ಮೊದಲು ಕೊಡುತ್ತಿದ್ದುದು ಅಜ್ಜಿಯ ಕೈಗೆ. ನಾನು ಎರಡೂ ಕೈ ಚಾಚಿದೆ. ಅವಳು ನನ್ನ ಕೈ ನೋಡಿದಳು. ಮೂಲೆಯಲ್ಲಿದ್ದ ಮೊರ ಎಳೆದುಕೊಂಡು, ಬಟ್ಟೆ ಹಾಸಿ, ಕೂಸನ್ನು ಅದರಲ್ಲಿ ಮಲಗಿಸಿ ನನ್ನ ಕಡೆ ಸರಿಸಿದಳು.

"ಮೊರದಾಗಿಂದ ತಗೊ. ನಿನ್ನ ಕೈ ಜಾರತೈತಿ."

ಮಗಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಹೆರಿಗೆಯ ಮೊರ ತುಂಬಿಕೊಟ್ಟೆ, ಸೊಂಟಕ್ಕೆ ಇಟ್ಟುಕೊಂಡು ಹೋದಳು.

ಆಮೇಲೂ ಅವಳು ಮೂರು ಚಳಿಗಾಲ ಇದ್ದಳು. ಮಜ್ಜಿಗೆ ಕೇಳಿದರೆ ಕೊಡುತ್ತಿದ್ದಳು, ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆದು ಹೋಗುತ್ತಿದ್ದಳು. ಚರ್ಚಿನ ಕಡೆ ಮಾತ್ರ ಬರಲಿಲ್ಲ. ಕ್ರಿಸ್‌ಮಸ್ಸಿಗೆ ಹುಗ್ಗಿ ಕಳಿಸುತ್ತಿದ್ದೆ, ಪಾತ್ರೆ ತೊಳೆದು ವಾಪಸು ಕಳಿಸುತ್ತಿದ್ದಳು. ತಪ್ಪಾಯಿತು ಎಂದು ಹೇಳಬೇಕು ಎಂದು ಎಷ್ಟು ಸಲ ಗೋಡೆಯ ಹತ್ತಿರ ಹೋಗಿ ನಿಂತಿದ್ದೇನೋ… ಸಂಬಂಧಿಕರ ಮದುವೆಗೆಂದು ನಾನು ಹಡಗಲಿಗೆ ಹೋದಾಗ ಅವಳು ಸತ್ತಳು. ತಿರುಗಿ ಬರುವುದರೊಳಗೆ ಮಣ್ಣಾಗಿತ್ತು.

ಪಾಪನಿವೇದನೆಯಲ್ಲಿ ಹೇಳಿದೆ. ಫಾದರ್ ಮೂರು ಜಪ ಹೇಳಲು ಹೇಳಿದರು. ಹೇಳಿದೆ. ಜಪ ಮುಗಿಯಿತು, ಇದು ಮುಗಿಯಲಿಲ್ಲ.

ಈಗ ನಮ್ಮೂರಿನಲ್ಲಿ ಮನೆಯಲ್ಲಿ ಯಾರೂ ಹೆರುವುದಿಲ್ಲ. ಫೋನು ಮಾಡಿದರೆ ಆಂಬುಲೆನ್ಸು ಬರುತ್ತದೆ. ಒಳ್ಳೆಯದೇ. ಅವಳ ಮನೆಯಲ್ಲಿ ಬೇರೆಯವರಿದ್ದಾರೆ. ಆ ಕ್ರಿಸ್‌ಮಸ್ಸಿನ ನಂತರ ಗೊಂಬೆಯನ್ನು ಫಾದರುಗಳೇ ಮಲಗಿಸುತ್ತಿದ್ದರು. ಈ ವರ್ಷ ಚರ್ಚಿನವರು, ನೀವೇ ಹಿರಿಯರು, ಬಾಲಯೇಸುವನ್ನು ನೀವೇ ಮಲಗಿಸಿ ಎಂದು ಬಂದರು. ಈಗಿನ ಫಾದರ್ ಕೂಡ ಹೇಳಿದರು. ಎರಡು ದಿನ ಒಲೆಯಿಂದ ಅಂಗಳಕ್ಕೆ, ಅಂಗಳದಿಂದ ಒಲೆಗೆ ತಿರುಗಾಡಿದೆ. ಮೂರನೆಯ ದಿನ ಕೂಡ್ಲಿಗಿ ಸಂತೆಯಿಂದ ಒಂದು ಹೊಸ ಬಿದಿರಿನ ಮೊರ ತರಿಸಿದೆ.

ಹಬ್ಬದ ಬೆಳಿಗ್ಗೆ ಗೊಂಬೆಯನ್ನು ನಾನು ಕೈಯಲ್ಲಿ ಹಿಡಿಯಲಿಲ್ಲ. ಮೊರದಲ್ಲಿ ಆ ಕಂಬಳಿ ಹಾಸಿ, ಅದರ ಮೇಲೆ ಇಡಿ ಎಂದೆ ಫಾದರಿಗೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಗೋದಲಿಯ ಮುಂದೆ ನಿಂತು ಹೇಳಿಬಿಟ್ಟೆ. "ಇದು ನನ್ನ ಕೆಲಸ ಅಲ್ಲ. ಇದನ್ನ ಮಾಡಾಕಿ ಬ್ಯಾರೆ ಇದ್ಲು. ಆಕಿಗೆ ನಾನು ಸುಳ್ಳು ಹೇಳಿ ಬರದಂಗ ಮಾಡೀನಿ." ಹಿಂದಿನ ಸಾಲಿನ ಮುದುಕರು ಮೂವರು ತಲೆ ತಗ್ಗಿಸಿದರು. ಸಣ್ಣವರಿಗೆ ಏನೂ ತಿಳಿಯಲಿಲ್ಲ. ಮೊಮ್ಮಗಳು ಬಂದು ನನ್ನ ತೋಳು ಹಿಡಿದುಕೊಂಡಳು, ಅಜ್ಜಿಗೆ ತಲೆ ತಿರುಗಿದೆ ಎಂದುಕೊಂಡಿದ್ದಳು.

ಕಂಬಳಿಯ ಸಮೇತ ಗೊಂಬೆಯನ್ನು ಸೊಪ್ಪೆಯ ಮೇಲೆ ಇಳಿಸಿ, ಖಾಲಿಯಾದ ಮೊರಕ್ಕೆ ಜೋಳ, ಕೊಬ್ಬರಿ, ಎಲೆ ಅಡಿಕೆ, ಖಣ ತುಂಬಿ ಗೋದಲಿಯ ಪಕ್ಕ ಇಟ್ಟೆ. ಮೂರು ರಾಯರ ಹಬ್ಬದ ತನಕ ಅಲ್ಲೇ ಇತ್ತು. ಗೋದಲಿ ಬಿಚ್ಚುವ ದಿನ ನೋಡಿದರೆ ಎಲೆ ಒಣಗಿತ್ತು, ಕೊಬ್ಬರಿಯನ್ನು ಇಲಿ ಕಡಿದಿತ್ತು.

"ಇದನ್ನ ಯಾರಿಗೆ ಕೊಡೋದಮ್ಮಾ?" ಎಂದಳು, ಅವತ್ತು ಕಂಬಳಿ ಒಗೆಯಿರಿ ಎಂದವಳೇ.

ನಾನು ಮೊರ ಎತ್ತಿಕೊಂಡು ಮನೆಗೆ ಬಂದೆ. ತುಂಬಿದ್ದನ್ನು ತೆಗೆದು, ಅವಳ ಮನೆಯ ಕಡೆಯ ಗೋಡೆಗೆ ಮೊಳೆ ಹೊಡೆಸಿ ಮೊರವನ್ನು ತೂಗುಹಾಕಿದ್ದೇನೆ. ಜೋಳ ಕೇರುವುದಕ್ಕೆ ಬೇರೆ ಮೊರ ತರಿಸಿಕೊಂಡೆ.