ಮೊದಲು ಅತ್ತೆ, ಆಮೇಲೆ ನಾವು

ನನ್ನ ವಾರಗಿತ್ತಿ ಫಿದಾನಾ ಕುಳ್ಳಿ, ಆದರೆ ಬಾಯಿ ಮಾತ್ರ ಸ್ಲಿವೆನ್ ಊರಿಗೆಲ್ಲ ಕೇಳಿಸುವಷ್ಟು ದೊಡ್ಡದು. ಹನ್ನೆರಡು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವಳು ಈಗ ರೈಲು ಹಳಿಯಾಚೆಗಿನ ನಮ್ಮ ರೋಮಾ ಜನರ ಕೇರಿಗೆ ಆರೋಗ್ಯ ಕಾರ್ಯಕರ್ತೆ. ಜಗಳಕ್ಕೆ ನಿಂತರೆ ನಾನೇನೂ ಕಡಿಮೆಯಿಲ್ಲ, ಆದರೂ ಅವಳೆದುರು ಸೋಲು ಒಪ್ಪಿಕೊಂಡಿದ್ದೇನೆ.

ಹೋದ ವಸಂತದಲ್ಲಿ ಅವಳಿಗೆ ನಲವತ್ತು ಪುಟ್ಟ ಡಬ್ಬಿ ಬಂದವು. ಒಳಗೊಂದು ಹತ್ತಿಯ ಕಡ್ಡಿ, ಒಂದು ಕೊಳವೆ. ಹೆಂಗಸು ತಾನೇ ಮರೆಯಲ್ಲಿ ಮಾದರಿ ತೆಗೆದುಕೊಟ್ಟರೆ ಸಾಕು, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರುವ ವೈರಸ್ ಇದೆಯೋ ಇಲ್ಲವೋ ತಿಳಿಯುತ್ತದೆ. ಡಾಕ್ಟರ ಮುಂದೆ ಬಟ್ಟೆ ಬಿಚ್ಚಿ ಮಲಗಬೇಕಿಲ್ಲ. ಬ್ರೆಡ್ ಅಂಗಡಿಯಲ್ಲಿಟ್ಟು ಹಂಚು ಎಂದಳಂತೆ ಯಾರೋ ನರ್ಸಮ್ಮ. ಎಂಥ ಬುದ್ಧಿ! ಸೊಂಟದ ಕೆಳಗಿನದನ್ನು ತಿನ್ನುವುದರ ಪಕ್ಕ ಇಟ್ಟರೆ ನಮ್ಮವರು ಆ ಅಂಗಡಿಯನ್ನೇ ಬಿಡುತ್ತಾರೆ. ಫಿದಾನಾ ಅವನ್ನು ಲಂಗ ಒಗೆಯುವ ಟಬ್ಬಿಗೆ ಹಾಕಿಕೊಂಡಳು. ಹೆಂಗಸರ ಲಂಗಕ್ಕೆ ನಮ್ಮಲ್ಲಿ ಟಬ್ಬೇ ಬೇರೆ. ಅದರಲ್ಲಿ ಚಿನ್ನವಿದ್ದರೂ ಯಾವ ಗಂಡಸೂ ಕೈ ಹಾಕುವುದಿಲ್ಲ. ಮೇಲೆರಡು ಲಂಗ ಹೊದಿಸಿ, ಹಾಡುಹಗಲೇ ಗಂಡಸರ ಮುಂದೆಯೇ ಮನೆಮನೆಗೆ ಹೊತ್ತು ತಿರುಗಿದಳು.

ಅಷ್ಟು ಮನೆ ಗೆದ್ದವಳಿಗೆ ಸ್ವಂತ ಮನೆಯೇ ಕಗ್ಗಂಟಾಯಿತು. ನನಗೆ ಆ ಡಬ್ಬಿ ಬೇಕೇ ಬೇಕಿತ್ತು. ಇದೇ ಕೇರಿಯಲ್ಲಿದ್ದ ನನ್ನಮ್ಮ ಈ ರೋಗದಿಂದಲೇ ನಲವತ್ತೊಂದಕ್ಕೆ ಸತ್ತಳು, ನನಗೀಗ ಮೂವತ್ತೊಂಬತ್ತು. ಅತ್ತೆ ಶೆವ್ಕಾ ಒಪ್ಪಲಿಲ್ಲ. ಕೆಟ್ಟ ಹೆಂಗಸರಿಗೆ ಬರುವ ರೋಗವನ್ನು ಸೊಸೆಯಲ್ಲಿ ಹುಡುಕಿದರೆ ಕೇರಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ ಎಂದರು. ಎರಡು ವಾರ ಮನೆ ರಣರಂಗವಾಗಿತ್ತು. ಅವರನ್ನು ಮೀರಿ ಕದ್ದು ಮಾಡುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಫಿದಾನಾ ಹಿತ್ತಲಲ್ಲಿ ಅವರನ್ನು ಹಿಡಿದಳು.

“ಅತ್ತೆ, ಈ ಮನೇಲಿ ನಿಮಗಿಂತ ಮುಂಚೆ ನಾವು ಒಂದು ತುತ್ತಾದ್ರೂ ತಿಂದಿದ್ದೀವಾ? ಇದೂ ಹಂಗೇ. ಮೊದ್ಲು ನೀವು, ಆಮೇಲೆ ನಾವು.”

ಹಿರಿತನದ ಪ್ರಶ್ನೆ ಬಂದಮೇಲೆ ಅತ್ತೆ ಬಿಟ್ಟಾರೆಯೇ? ಗೊಣಗುತ್ತ ಪರದೆಯ ಹಿಂದೆ ಹೋದರು, ಎರಡೇ ನಿಮಿಷಕ್ಕೆ ಹೊರಗೆ ಬಂದರು. ಇಷ್ಟಕ್ಕಾ ಇಷ್ಟೊಂದು ರಂಪ ಮಾಡಿದ್ದು ಎಂದು ತಿರುಗಿ ನಮ್ಮನ್ನೇ ಬೈದರು. ಅವರ ಹಿಂದೆಯೇ ನಾನು ಹೋದೆ.

ಮೂರು ವಾರಕ್ಕೆ ಫಲಿತಾಂಶ ಬಂತು. ನನಗೇನೂ ಇರಲಿಲ್ಲ. ಅತ್ತೆಗಿತ್ತು. ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ಇದು ಬರುತ್ತದೆ, ಮಾನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ಫಿದಾನಾ ಅವರನ್ನು ಆಸ್ಪತ್ರೆಗೆ ಕರೆದೊಯ್ದಳು. ಕೆಡಲು ಶುರುವಾಗಿದ್ದ ಚೂರನ್ನು ಅಲ್ಲಿ ತೆಗೆದರು. ಕ್ಯಾನ್ಸರ್ ಆಗುವ ಮುಂಚೆಯೇ ಸಿಕ್ಕಿತು ಎಂದರಂತೆ ಡಾಕ್ಟರು.

ಮನೆಗೆ ಬಂದ ಅತ್ತೆ ನನ್ನ ಮುಖ ನೋಡಲಿಲ್ಲ.

“ಡಾಕ್ಟರ್ ಹತ್ರ ಹೋಗ್ಬೇಡ, ಮಾನ ಹೋಗುತ್ತೆ ಅಂತ ನಿಮ್ಮಮ್ಮಂಗೆ ಹೇಳಿದ್ದು ನಾನೇ ಕಣೆ.”

ಅವರಿಗೆಂದು ಕಾಯಿಸಿದ್ದ ಕಾಫಿಯನ್ನು ಚರಂಡಿಗೆ ಸುರಿದೆ. ಫಿದಾನಾ ನನ್ನನ್ನೂ ಸಮಾಧಾನ ಮಾಡಲಿಲ್ಲ, ಅವರನ್ನೂ ಮಾಡಲಿಲ್ಲ.

“ಹಂಗಾದ್ರೆ ನಾಳೆ ನನ್ ಜೊತೆ ಬನ್ನಿ ಅತ್ತೆ. ಇನ್ನೂ ಹನ್ನೊಂದು ಮನೇಲಿ ಅತ್ತೇರು ಒಪ್ಪಿಲ್ಲ. ಈಗ ಅಂದ ಮಾತನ್ನೇ ಅವರ ಮುಂದೆ ಹೇಳಿ.”

ಮರುದಿನ ಅವರಿಬ್ಬರ ಹಿಂದೆ ನಾನೂ ಹೋದೆ. ಹನ್ನೊಂದರಲ್ಲಿ ಒಂಬತ್ತು ಮನೆಯವರು ಡಬ್ಬಿ ತೆಗೆದುಕೊಂಡರು. ಒಂದೊಂದು ಮನೆಯಲ್ಲೂ ಅತ್ತೆ ನನ್ನಮ್ಮನ ಹೆಸರು ಹೇಳಿಯೇ ಮಾತು ಶುರು ಮಾಡಿದರು.